ಗೋಡೆ ನುಸಿ, ಉಣ್ಣೆ ನುಸಿ

ಗೋವಿಂದಪ್ಪ ಚಿತ್ರದುರ್ಗದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದ್ದು ಎಪ್ಪತ್ತೆರಡರಲ್ಲಿ. ಮಾಡದಕೆರೆ ಹೋಬಳಿಯ ಕುರಿ ಸಾಕುವವರ ಮನೆಗಳಲ್ಲಿ ಎಂ.ಎಸ್ಸಿ. ಮುಗಿಸಿದ ಮೊದಲನೆಯವನು ಅವನು. ಆದರೆ ಆ ಮಾತನ್ನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಯಾರಾದರೂ ಊರು ಕೇಳಿದರೆ ‘ಹೊಸದುರ್ಗದ ಕಡೆ’ ಎನ್ನುತ್ತಿದ್ದ. ಮನೆಯಲ್ಲಿ ಏನಿದೆ ಎಂದರೆ ‘ತೆಂಗಿನ ತೋಟ’ ಎನ್ನುತ್ತಿದ್ದ. ತೋಟವೇನೋ ಇತ್ತು, ಹನ್ನೊಂದು ಮರ. ಕುರಿಗಳು ನೂರಿಪ್ಪತ್ತಿದ್ದವು, ಅವುಗಳ ಸುದ್ದಿ ಎತ್ತುತ್ತಿರಲಿಲ್ಲ. ತಂದೆ ಗುಡ್ಡಪ್ಪ ಊರಿಂದ ಬಂದು ಹೋದ ಮೇಲೆ ಅವರ ಹೆಗಲ ಕಂಬಳಿಯ ವಾಸನೆ ರೂಮಿನಲ್ಲಿ ಎರಡು ದಿನ ಉಳಿಯುತ್ತಿತ್ತು. ಗೋವಿಂದಪ್ಪ ಕಿಟಕಿ ತೆರೆದಿಡುತ್ತಿದ್ದ.

ಅವನಿಗೆ ಹುಚ್ಚು ಇದ್ದದ್ದು ಸಣ್ಣ ಪತಂಗಗಳದ್ದು. ದೊಡ್ಡ ಬಣ್ಣದ ಚಿಟ್ಟೆಗಳನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಕಿರುಬೆರಳ ಉಗುರಿನ ಅರ್ಧ ಉದ್ದವೂ ಇಲ್ಲದ, ಬೂದಿಯ ಚೂರಿನಂತೆ ಹಾರುವ ಪತಂಗಗಳನ್ನು ಒಂದರಿಂದ ಒಂದು ಬೇರೆ ಮಾಡಿ ಹೇಳುವವನು ನಿಜವಾಗಿ ಬಲ್ಲವನು ಎಂದು ಅವನು ನಂಬಿದ್ದ. ರೆಕ್ಕೆಯ ಮೇಲಿನ ಹುಡಿ ಉದುರಿಹೋದರೆ ಇಂಥ ಎರಡು ಜಾತಿಗಳು ಅವಳಿಗಳಂತೆ ಕಾಣುತ್ತವೆ. ಆಗ ಹೊಟ್ಟೆಯ ಭಾಗವನ್ನು ಕತ್ತರಿಸಿ, ಕಾಸ್ಟಿಕ್ ಪೊಟ್ಯಾಷಿನಲ್ಲಿ ಕುದಿಸಿ, ಒಳಗಿನ ಅಂಗಗಳ ಆಕಾರವನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಮಾತ್ರ ವ್ಯತ್ಯಾಸ ಗೊತ್ತಾಗುವುದು. ಈ ಕೆಲಸ ಚಿತ್ರದುರ್ಗದಲ್ಲಿ ತನ್ನೊಬ್ಬನಿಗೇ ಬರುತ್ತದೆ ಎಂಬ ಹೆಮ್ಮೆ ಅವನಿಗಿತ್ತು. ಅದು ಸುಳ್ಳೂ ಆಗಿರಲಿಲ್ಲ.

ಎಪ್ಪತ್ತನಾಲ್ಕರ ಕಾರ್ತಿಕದಲ್ಲಿ ಹೊಸದುರ್ಗದ ಕಂಬಳಿ ನೇಕಾರರ ಸಂಘದ ಕಾರ್ಯದರ್ಶಿ ಪರಮೇಶ್ವರಪ್ಪ ಒಂದು ಬೆಂಕಿಪೊಟ್ಟಣ ಹಿಡಿದುಕೊಂಡು ಕಾಲೇಜಿಗೆ ಬಂದರು. ಪೊಟ್ಟಣದೊಳಗೆ ಕಪ್ಪು ಉಣ್ಣೆಯ ಚೂರುಗಳು, ಅವುಗಳ ನಡುವೆ ಭತ್ತದ ಕಾಳಿಗಿಂತ ತೆಳ್ಳಗಿನ ನಾಲ್ಕಾರು ಕೊಳವೆಗಳು. ಸಂಘದ ಗೋದಾಮಿನಲ್ಲಿ ನಾನ್ನೂರು ಕಂಬಳಿ ಇದ್ದವು, ಹಾಸ್ಟೆಲುಗಳಿಗೆ ಕಳಿಸಬೇಕಾದವು. ಅದರಲ್ಲಿ ಮುಕ್ಕಾಲು ಭಾಗಕ್ಕೆ ನುಸಿ ಹಿಡಿದಿತ್ತು. ಪ್ರಿನ್ಸಿಪಾಲರು ಗೋವಿಂದಪ್ಪನನ್ನು ಕರೆಸಿ, “ನಿಮ್ಮದೇ ಕ್ಷೇತ್ರ, ಹೋಗಿ ಬನ್ನಿ” ಎಂದರು.

ಮರುದಿನ ಗೋವಿಂದಪ್ಪ ಹೊಳಲ್ಕೆರೆ ಮೇಲೆ ಹೋಗುವ ಬಸ್ಸು ಹತ್ತಿ ಹೊಸದುರ್ಗಕ್ಕೆ ಹೋದ. ಗೋದಾಮಿನಲ್ಲಿ ಕಂಬಳಿ ಎತ್ತಿ ಬೆಳಕಿಗೆ ಹಿಡಿದರೆ ಜರಡಿ ಹಿಡಿದಂತೆ ಕಾಣುತ್ತಿತ್ತು. ಮಡಿಕೆಗಳಲ್ಲಿ ಹುಳುಗಳು ತಮ್ಮ ಕೊಳವೆಗಳನ್ನು ಎಳೆದುಕೊಂಡು ಓಡಾಡುತ್ತಿದ್ದವು. ಕೊಳವೆಯೇ ಆ ಹುಳುವಿನ ಮನೆ. ಹೋದಲ್ಲೆಲ್ಲ ಅದನ್ನು ಹೊತ್ತೇ ಹೋಗುತ್ತದೆ, ಅದರೊಳಗೇ ಪತಂಗವಾಗುತ್ತದೆ. ಹಿಂದಿನ ಕೋಣೆಯಲ್ಲಿ ಗೋಣಿ ಸುತ್ತಿದ ಏಳೆಂಟು ಬೇಲುಗಳಿದ್ದವು. ಅವೇನು ಎಂದು ಗೋವಿಂದಪ್ಪ ಕೇಳಿದ.

“ಅದು ಹೊರಗಿಂದ ತರಿಸಿದ ಹಳೇ ಮಿಲ್ ನೂಲು. ಅದರಾಗೆ ಏನಿರ್ತೈತೆ?” ಎಂದರು ಪರಮೇಶ್ವರಪ್ಪ. “ಇದು ಬಂದಿರೋದು ನೂಲೋ ಹೆಂಗಸರ ಮನೆಗಳಿಂದ ಸಾರ್. ಹೊರಕೆರೆದೇವಪುರದ ಆಚೆ ಮುತ್ತುಗದಕಟ್ಟೆ ಅಂತ ಐತೆ. ಕೊನೆ ಸಲ ಮಾಲು ಬಂದಿದ್ದು ಅಲ್ಲಿಂದ. ಆ ಮನೆಗಳನ್ನ ನೀವು ನೋಡ್ಬೇಕು. ಜೀಪು ಐತೆ, ಹೋಗಾಣ.”

ಮುತ್ತುಗದಕಟ್ಟೆ ಗೋವಿಂದಪ್ಪನಿಗೆ ಗೊತ್ತಿಲ್ಲದ ಊರಲ್ಲ. ಅದು ಅವನ ಸೋದರತ್ತೆ ಉಚ್ಚಂಗಮ್ಮನನ್ನು ಕೊಟ್ಟ ಊರು. ಅವನಿಗೆ ನಾಲ್ಕು ವರ್ಷವಿದ್ದಾಗ ತಾಯಿ ಕಾಯಿಲೆ ಬಿದ್ದು, ಎರಡು ವರ್ಷ ಅವನು ಆ ಅತ್ತೆಯ ಮನೆಯಲ್ಲಿ ಬೆಳೆದಿದ್ದ. ಕುರಿಮರಿಗಳ ಜೊತೆ ಒಂದೇ ಕಂಬಳಿಯಲ್ಲಿ ಮಲಗಿಸಿ ಸಾಕಿದವಳು ಆಕೆ. ಮಾವ ತೀರಿಕೊಂಡಾಗ ಗೋವಿಂದಪ್ಪ ಮೈಸೂರಿನಲ್ಲಿದ್ದ, ಪರೀಕ್ಷೆ ಎಂದು ಹೋಗಿರಲಿಲ್ಲ. ಅತ್ತೆಯನ್ನು ನೋಡಿ ಹತ್ತು ವರ್ಷದ ಮೇಲಾಗಿತ್ತು. ಆ ಕೇರಿಯಲ್ಲಿ ಇನ್ನೂ ಎಷ್ಟೋ ಮನೆಗಳಿವೆ, ಅವಳ ಮನೆಗೇ ಹೋಗಬೇಕೆಂದೇನಿದೆ ಎಂದು ಸಮಾಧಾನ ಹೇಳಿಕೊಂಡು ಜೀಪು ಹತ್ತಿದ.

ಜೀಪು ನಿಂತದ್ದು ಅವಳ ಬಾಗಿಲಲ್ಲೇ.

ಮಧ್ಯಾಹ್ನವಾಗಿತ್ತು. ಕೇರಿಯವರೆಲ್ಲ ಹೊಲಕ್ಕೂ ಕುರಿಗಳ ಹಿಂದೆಯೂ ಹೋಗಿದ್ದರು. ಉಚ್ಚಂಗಮ್ಮ ಜಗಲಿಯ ಮೇಲೆ ಉಣ್ಣೆ ಹಿಂಜುತ್ತ ಕೂತಿದ್ದಳು. ಕನ್ನಡಕ, ಪ್ಯಾಂಟು, ಮೀಸೆ ಯಾವುದೂ ಅವಳನ್ನು ತಡೆಯಲಿಲ್ಲ. ಅವನು ಜೀಪಿನಿಂದ ಕಾಲಿಳಿಸುವಷ್ಟರಲ್ಲೇ ಅವಳ ಮುಖ ಅರಳಿತು. ಕೈಯಲ್ಲಿದ್ದ ಉಣ್ಣೆ ಬಿಟ್ಟು ಎದ್ದಳು. “ಗೋ...” ಎಂದು ಬಾಯಿ ತೆರೆದಳು.

ಗೋವಿಂದಪ್ಪ ಪರಮೇಶ್ವರಪ್ಪನವರ ಕಡೆ ತಿರುಗಿ, “ಇವರ ಹೆಸರೇನು?” ಎಂದು ಕೇಳಿದ.

ಅವನು ಅದನ್ನು ಯೋಚಿಸಿ ಕೇಳಿದ್ದಲ್ಲ. ತಾನೇ ಬಾಯಿಂದ ಬಂದಿತ್ತು. ಬಂದ ಮೇಲೆ ವಾಪಸು ತೆಗೆದುಕೊಳ್ಳುವ ದಾರಿ ಅವನಿಗೆ ಕಾಣಲಿಲ್ಲ.

ಉಚ್ಚಂಗಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. “ಉಚ್ಚಂಗಮ್ಮ ಅಂತಾರೆ ಸ್ವಾಮಿ. ಬರ್ರಿ, ಕುಂತ್ಕಳ್ರಿ” ಎಂದಳು. ಒಳಗಿಂದ ಕಂಬಳಿ ತಂದು ಹಾಸಿದಳು. ಅವನ ಮುಖವನ್ನು ಮತ್ತೆ ನೋಡಲಿಲ್ಲ.

ಮನೆಯೊಳಗೆ ಕೆಮ್ಮಣ್ಣು ಬಳಿದ ಗೋಡೆ. ಮೂಲೆಯಲ್ಲಿ, ಸೂರಿನ ಕೆಳಗೆ, ಹತ್ತಿಪ್ಪತ್ತು ಸಣ್ಣ ಬೂದುಬಣ್ಣದ ಚಿಪ್ಪುಗಳು ಅಂಟಿಕೊಂಡು ನೇತಾಡುತ್ತಿದ್ದವು. ಒಂದೆರಡು ನಿಧಾನವಾಗಿ ಮೇಲೇರುತ್ತಿದ್ದವು. ಪರಮೇಶ್ವರಪ್ಪ ಬೆರಳು ತೋರಿಸಿ, “ಇಲ್ಲಿ ನೋಡ್ರಿ ಸಾರ್, ನಾನು ಹೇಳಲಿಲ್ವ?” ಎಂದರು.

ಬಾಗಿಲಲ್ಲಿ ನಿಂತಿದ್ದ ಉಚ್ಚಂಗಮ್ಮ ಮೆಲ್ಲಗೆ ಹೇಳಿದಳು: “ಅದು ಗೋಡೆ ನುಸಿ ಸ್ವಾಮಿ. ಉಣ್ಣೆ ನುಸಿ ಬ್ಯಾರೆ. ಇದರ ಮನೆ ಸೌತೆ ಬೀಜದಂಗೆ ಚಪ್ಪಟೆ, ಮಣ್ಣು ಮೆತ್ಕಂಡಿರ್ತೈತೆ. ಜೇಡರ ಬಲೆ ತಿಂದ್ಕಂಡು ಬದುಕ್ತೈತೆ. ಉಣ್ಣೆ ನುಸೀದು ದುಂಡಗೆ, ಕಡ್ಡಿಯಂಗಿರ್ತೈತೆ. ಕರೇ ಉಣ್ಣೆ ತಿಂದ್ರೆ ಕರೇ ಮನೆ, ಬಿಳೇದು ತಿಂದ್ರೆ ಬಿಳೇದು. ನಮ್ಮ ಅವ್ವನ ಕಾಲದಿಂದ ನೋಡೀವಿ. ಗೋಡೇದು ಉಣ್ಣೆ ತಂಟೆಗೆ ಬರಾಕಿಲ್ಲ.”

ಗೋವಿಂದಪ್ಪ ಒಂದು ಚಿಪ್ಪನ್ನು ಚಿಮಟದಲ್ಲಿ ತೆಗೆದು ಅಂಗೈ ಮೇಲೆ ಇಟ್ಟುಕೊಂಡು ನೋಡಿದ. ಚಪ್ಪಟೆಯಾಗಿತ್ತು. ಹಾಗಿರುವ ಜಾತಿಯೊಂದು ಇದೆಯೆಂದು ಎಲ್ಲೋ ಓದಿದ್ದು ನೆನಪಾಗದೇ ಇರಲಿಲ್ಲ. ಎರಡನ್ನೂ ಸಾಕಿ, ಪತಂಗ ಹೊರಬಂದ ಮೇಲೆ ಕತ್ತರಿಸಿ ನೋಡದೆ ಏನೂ ಹೇಳಬಾರದು. ಅದಕ್ಕೆ ಮೂರು ವಾರವಾದರೂ ಬೇಕು. ಇದನ್ನೇ ಅವನು ತರಗತಿಯಲ್ಲಿ ಪಾಠ ಮಾಡುತ್ತಿದ್ದ. ಆದರೆ ಆ ಹೊತ್ತಿನಲ್ಲಿ ಅವನಿಗೆ ಬೇಕಾಗಿದ್ದದ್ದು ಆ ಮನೆಯಿಂದ ಹೊರಗೆ ಹೋಗುವುದು ಮಾತ್ರ. ಕಂಬಳಿಗೆ ಹಾಕುವ ಹುಣಸೆಬೀಜದ ಗಂಜಿಯ ವಾಸನೆ, ಹಸಿ ಉಣ್ಣೆಯ ವಾಸನೆ, ಬಾಗಿಲಲ್ಲಿ ತಲೆತಗ್ಗಿಸಿ ನಿಂತ ಹೆಂಗಸು. ಇನ್ನೊಂದು ನಿಮಿಷ ನಿಂತರೆ ಪರಮೇಶ್ವರಪ್ಪನವರಿಗೆ ಎಲ್ಲ ತಿಳಿದುಹೋಗುತ್ತದೆ ಎನಿಸಿತು.

“ಹಾಗಲ್ಲಮ್ಮ,” ಎಂದ. “ಹುಳ ಸಿಕ್ಕಿದ್ದನ್ನು ಮೆತ್ತಿಕೊಳ್ಳುತ್ತೆ. ಗೋಡೆ ಮೇಲಿದ್ದರೆ ಮಣ್ಣು, ಕಂಬಳಿ ಮೇಲಿದ್ದರೆ ಉಣ್ಣೆ. ಎರಡೂ ಒಂದೇ.”

“ನಿಮಗೆ ತಿಳಿದಿರ್ತೈತೆ ಬಿಡಿ ಸ್ವಾಮಿ,” ಎಂದಳು ಉಚ್ಚಂಗಮ್ಮ.

ಹೊರಡುವಾಗ ಒಂದು ಚೊಂಬು ಮಜ್ಜಿಗೆ ತಂದಳು. ಪರಮೇಶ್ವರಪ್ಪ ಕುಡಿದರು. ಗೋವಿಂದಪ್ಪ ಬೇಡವೆಂದು ಕೈಯಾಡಿಸಿ ಜೀಪಿನಲ್ಲಿ ಕೂತ.

ಹೊಸದುರ್ಗದಲ್ಲೇ ವರದಿ ಬರೆದು ಸಹಿ ಹಾಕಿದ. ಗೋದಾಮಿನ ಹುಳುವೂ ಮುತ್ತುಗದಕಟ್ಟೆಯ ಮನೆಯಲ್ಲಿ ಸಿಕ್ಕ ಹುಳುವೂ ಒಂದೇ ಜಾತಿಯವು. ಆ ಊರಿನಿಂದ ಬಂದ ಕಂಬಳಿ ಮತ್ತು ಉಣ್ಣೆಯನ್ನು ಸುಡುವುದು ಒಳ್ಳೆಯದು. ಅಲ್ಲಿನ ಮಾಲನ್ನು ಸದ್ಯಕ್ಕೆ ತೆಗೆದುಕೊಳ್ಳಬಾರದು. ಮನೆಯ ಯಜಮಾನಿಯ ಹೆಸರು ಬರೆಯಬೇಕಾದ ಕಡೆ ‘ಉಚ್ಚಂಗಮ್ಮ’ ಎಂದು ಬರೆದ.

ಅಭ್ಯಾಸಬಲದಿಂದ ಅವನು ಎರಡೂ ಕಡೆಯ ಹುಳುಗಳನ್ನು ಚಿತ್ರದುರ್ಗಕ್ಕೆ ತಂದು ಎರಡು ಗಾಜಿನ ಜಾಡಿಗಳಲ್ಲಿ ಉಣ್ಣೆ ಹಾಕಿ ಇಟ್ಟಿದ್ದ. ಆರನೆಯ ದಿನ ನೋಡಿದರೆ ಗೋದಾಮಿನ ಹುಳುಗಳು ಉಣ್ಣೆಯನ್ನು ಪುಡಿಗಟ್ಟಿದ್ದವು. ಗೋಡೆಯವು ಮುಟ್ಟಿರಲಿಲ್ಲವೆಂದೇ ಹೇಳಬೇಕು. ಕಾಲೇಜಿನ ಮೆಟ್ಟಿಲ ಕೆಳಗಿನ ಜೇಡರ ಬಲೆಯನ್ನು ಕಡ್ಡಿಗೆ ಸುತ್ತಿ ತಂದು ಜಾಡಿಗೆ ಹಾಕಿದ. ಸಂಜೆಯೊಳಗೆ ಅದು ಅರ್ಧವಾಗಿತ್ತು.

ಅವತ್ತೇ ಒಂದು ಕಾಗದ ಬರೆದಿದ್ದರೆ ಸಾಕಿತ್ತು. ತಡೆಯಿರಿ, ಇನ್ನೊಂದು ಸಲ ನೋಡಬೇಕು ಎಂದು ಬರೆದರೆ ಪರಮೇಶ್ವರಪ್ಪ ತಡೆಯುತ್ತಿದ್ದರು. ಗೋವಿಂದಪ್ಪ ಕಾರ್ಡು ತಂದು ಮೇಜಿನ ಮೇಲೆ ಇಟ್ಟೂ ಇದ್ದ. ಆದರೆ ಪತಂಗ ಹೊರಬರದೆ ಖಚಿತವಾಗಿ ಹೇಳುವುದು ವಿಜ್ಞಾನವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅತ್ತೆಯ ಮನೆಯಲ್ಲಿ ಬಳಕೆಗೆ ಬಾರದ ಎಚ್ಚರಿಕೆ ಇಲ್ಲಿ ಬಂತು.

ಮೂರನೆಯ ವಾರದಲ್ಲಿ ಪತಂಗಗಳು ಬಂದವು. ಹುಡಿ ಉದುರಿದ ಎರಡನ್ನು ಅಕ್ಕಪಕ್ಕ ಇಟ್ಟರೆ ಅವನಿಗೂ ಬೇರೆ ಮಾಡಿ ಹೇಳಲು ಆಗುತ್ತಿರಲಿಲ್ಲ. ಎರಡರ ರೆಕ್ಕೆಯ ಮೇಲೂ ಮಸುಕಾದ ಚುಕ್ಕೆಗಳು. ಪೊಟ್ಯಾಷಿನಲ್ಲಿ ಕುದಿಸಿ ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಒಳಗಿನ ಆಕಾರಗಳು ಬೇರೆ ಬೇರೆ ಇದ್ದವು. ಒಂದೇ ಜಾತಿಯಲ್ಲ ಅಷ್ಟೇ ಅಲ್ಲ, ಒಂದೇ ಕುಲವೂ ಅಲ್ಲ. ಗೋದಾಮಿನ ನುಸಿ ತಾನು ಬಿಚ್ಚಿಸಿ ನೋಡದ ಆ ಹಳೇ ನೂಲಿನ ಬೇಲುಗಳಿಂದಲೇ ಬಂದಿರಬಹುದು.

ಅದಾದ ನಾಲ್ಕು ದಿನಕ್ಕೆ ಗುಡ್ಡಪ್ಪ ರಾಗಿ ಹಿಟ್ಟು ತೆಗೆದುಕೊಂಡು ಬಂದರು. ಕಾಲು ತೊಳೆದುಕೊಂಡು ಚಾಪೆಯ ಮೇಲೆ ಕೂತು ಹೇಳಿದರು: “ನಿಮ್ಮತ್ತೆ ಊರಾಗೆ ಅನ್ಯಾಯ ಆಗೈತಪ್ಪ. ಸಂಘದೋರು ಬಂದು ಕಂಬಳಿ ಎಲ್ಲ ಕೆರೆ ಅಂಗಳದಾಗೆ ಹಾಕಿ ಸುಟ್ಟವ್ರೆ. ಮೂವತ್ತೆಂಟು ಕಂಬಳಿ. ನಿಮ್ಮ ಮಾವಂದು ಒಂದಿತ್ತಲ್ಲ, ದೇವರ ಗದ್ದಿಗೆಗೆ ಹಾಸೋದು, ಅದಕ್ಕೂ ನುಸಿ ತಗಲಿರ್ತೈತೆ ಅಂತ ಇಸ್ಕಂಡು ಹೋದ್ರಂತೆ. ಕಂಬಳೀನ ತುಳಿಯಾಕಿಲ್ಲ ನಾವು. ಸುಡಾದು ಎಲ್ಲಾನ ಉಂಟಾ?”

ಗೋವಿಂದಪ್ಪ ಸ್ಟೌವಿಗೆ ಗಾಳಿ ಹೊಡೆಯುತ್ತಿದ್ದ. ತಿರುಗಿ ನೋಡಲಿಲ್ಲ.

“ಯಾರೋ ಕಾಲೇಜು ಮೇಷ್ಟ್ರು ಬಂದು ನೋಡಿ ಬರಕೊಟ್ಟನಂತೆ,” ಎಂದರು ಗುಡ್ಡಪ್ಪ. “ಯಾವ ಕಾಲೇಜೋ ಏನೋ. ನಿಮ್ಮತ್ತೇನ ಕೇಳ್ದೆ, ಯಾರವ್ವ ಅವನು ಅಂತ. ನಂಗೇನು ಗೊತ್ತು, ಕನ್ನಡಕ ಹಾಕಿದ್ದ ಅಂದ್ಲು.”

ಅವಳು ಹೇಳಿರಲಿಲ್ಲ. ತಮ್ಮನಿಗೂ ಹೇಳಿರಲಿಲ್ಲ. ಗೋವಿಂದಪ್ಪ ಅಪ್ಪನಿಗೆ ಕಾಫಿ ಕೊಟ್ಟ. ಅಪ್ಪ ಕುಡಿದು ಮಲಗಿದರು. ಹೇಳಬೇಕೆಂದು ಎರಡು ಸಲ ಬಾಯಿ ತೆರೆದ. ಬೆಳಿಗ್ಗೆ ಅಪ್ಪನನ್ನು ಬಸ್ಸು ಹತ್ತಿಸುವವರೆಗೂ ಮಾತು ಹೊರಗೆ ಬರಲಿಲ್ಲ.

ನಂತರ ನಡೆದದ್ದು ಇನ್ನೂ ಕೆಟ್ಟದ್ದು. ಎಪ್ಪತ್ತಾರರಲ್ಲಿ ಮೈಸೂರಿನಲ್ಲಿ ಒಂದು ವಿಚಾರಸಂಕಿರಣವಿತ್ತು. ಹೊಸ ಸಂಶೋಧನೆ ಇದ್ದವರಿಗೆ ಲೆಕ್ಚರರ್ ಹುದ್ದೆಗೆ ಅನುಕೂಲ ಎಂದು ಪ್ರಿನ್ಸಿಪಾಲರು ಹೇಳಿದರು. ಗೋವಿಂದಪ್ಪನ ಬಳಿ ಇದ್ದದ್ದು ಅದೇ ಎರಡು ಜಾಡಿಗಳ ವಿಷಯ. ಉಣ್ಣೆ ತಿನ್ನುವ ಪತಂಗವನ್ನೂ ಗೋಡೆಯ ಪತಂಗವನ್ನೂ ಬೇರೆ ಮಾಡಿ ಗುರುತಿಸುವುದು ಹೇಗೆ ಎಂದು ಒಂಬತ್ತು ಪುಟ ಬರೆದ. ಚಿತ್ರಗಳು ಚೆನ್ನಾಗಿದ್ದವು. ಮನೆಯ ಆಕಾರ, ಬಣ್ಣ, ಜೇಡರ ಬಲೆಯ ಆಹಾರ, ಎಲ್ಲವನ್ನೂ ಉಚ್ಚಂಗಮ್ಮ ಹೇಳಿದ ಕ್ರಮದಲ್ಲೇ ಹೇಳಿದ. ಅದಕ್ಕಿಂತ ಒಳ್ಳೆಯ ಕ್ರಮ ಇರಲಿಲ್ಲ. ಪೀಠಿಕೆಯಲ್ಲಿ ಒಂದು ವಾಕ್ಯ ಸೇರಿಸಿದ. ಇಂಗ್ಲಿಷಿನಲ್ಲಿದ್ದ ಆ ವಾಕ್ಯದ ಅರ್ಥ ಇಷ್ಟು: ಈ ಭಾಗದ ಜನ ಇವೆರಡನ್ನೂ ಒಂದೇ ಹುಳುವೆಂದು ತಿಳಿದಿದ್ದಾರೆ.

ಯಾಕೆ ಹಾಗೆ ಬರೆದೆ ಎಂದು ಆಮೇಲೆ ಅವನು ಎಷ್ಟೋ ಸಲ ಕೇಳಿಕೊಂಡಿದ್ದಾನೆ. ಒಂದೆಂದು ತಿಳಿದವನು ತಾನೊಬ್ಬನೇ ಅಲ್ಲ ಎಂದು ಎಲ್ಲಾದರೂ ಅಚ್ಚಾಗಿರಲಿ ಎಂಬ ಆಸೆ ಇದ್ದಿರಬೇಕು. ಅವನು ಓದಿ ಮುಗಿಸಿದಾಗ ಸಭೆಯಲ್ಲಿ ಚಪ್ಪಾಳೆ ಬಂತು. ಲೇಖನ ಪತ್ರಿಕೆಯಲ್ಲಿ ಅಚ್ಚಾಯಿತು. ಮರುವರ್ಷ ಲೆಕ್ಚರರ್ ಆದ.

ಎಪ್ಪತ್ತೊಂಬತ್ತರ ಜನವರಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಕ್ಟಿಕಲ್ ನಡೆಯುತ್ತಿತ್ತು. ಗೋವಿಂದಪ್ಪ ಎರಡೂ ಹುಳುಗಳ ಮನೆಗಳನ್ನು ತಟ್ಟೆಯಲ್ಲಿಟ್ಟು ತನ್ನ ಲೇಖನದ ಪ್ರತಿಗಳನ್ನು ಹಂಚಿದ್ದ. ಹುಲಿಗೆಮ್ಮ ಎಂಬ ಹುಡುಗಿ, ಹೊಳಲ್ಕೆರೆ ತಾಲ್ಲೂಕಿನವಳು, ತರಗತಿಯಲ್ಲಿ ಬಾಯಿಬಿಡುವುದೇ ಅಪರೂಪ, ಎದ್ದು ನಿಂತಳು.

“ಸಾರ್, ಇಲ್ಲಿ ಜನ ಎರಡೂ ಒಂದೇ ಅಂದ್ಕಂಡವ್ರೆ ಅಂತ ಬರೆದಿದೀರ. ಯಾವ ಊರಲ್ಲಿ ಸಾರ್?”

“ಯಾಕೆ?”

“ನಮ್ಮ ಕಡೆ ಎಲ್ಲರಿಗೂ ಗೊತ್ತು. ಇದು ಗೋಡೆ ನುಸಿ, ಅದು ಉಣ್ಣೆ ನುಸಿ. ಚಿಕ್ಕ ಮಕ್ಕಳೂ ಹೇಳ್ತಾರೆ.” ಸ್ವಲ್ಪ ತಡೆದು, ಹೇಳಲೋ ಬೇಡವೋ ಎನ್ನುವಂತೆ ಮುಂದುವರಿಸಿದಳು: “ನಮ್ಮ ಪಕ್ಕದೂರು ಮುತ್ತುಗದಕಟ್ಟೆ ಸಾರ್. ಅಲ್ಲಿ ಒಬ್ಬ ಯಮ್ಮನ ಮನೆ ಗೋಡೆಯಿಂದಾನೇ ಕಂಬಳಿಗೆ ನುಸಿ ಬಂತು ಅಂತ ಯಾರೋ ಬರಕೊಟ್ಟು ಕಂಬಳಿ ಎಲ್ಲ ಸುಡಿಸಿದ್ರು. ಸಂಘದೋರು ಆ ಊರಿನ ಉಣ್ಣೆ ತಗಳ್ಳೋದು ನಿಲ್ಲಿಸಿದ್ರು. ಅಲ್ಲಿನೋರಿಗೂ ಗೊತ್ತಿತ್ತು ಬ್ಯಾರೆ ಬ್ಯಾರೆ ಅಂತ. ಆದರೂ ಓದಿದೋರು ಬರೆದವ್ರೆ ಅಂದ್ಮೇಲೆ ನಿಜ ಇರಬೇಕು ಅಂದ್ಕಂಡು ಆ ಯಮ್ಮನ ಜೊತೆ ಮಾತು ಬಿಟ್ರು. ಆ ಯಮ್ಮ ಊರೇ ಬಿಟ್ಟು ಹೋದ್ಲು.”

ಅತ್ತೆ ಹಿರಿಯೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ ಎಂಬುದು ಗೋವಿಂದಪ್ಪನಿಗೆ ಗೊತ್ತಿತ್ತು. ಯಾಕೆ ಹೋದಳು ಎಂದು ಅಪ್ಪ ಹೇಳಿರಲಿಲ್ಲ. ಅವರಿಗೂ ತಿಳಿದಿತ್ತೋ ಇಲ್ಲವೋ. ವಯಸ್ಸಾಯಿತು, ಮಗಳ ಹತ್ತಿರ ಹೋಗಿದ್ದಾಳೆ ಎಂದು ಇವನೂ ಸುಮ್ಮನಿದ್ದ. ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲೆ ಇಟ್ಟ.

“ನೀನು ಹೇಳಿದ್ದು ಸರಿ,” ಎಂದ. “ಲೇಖನದಲ್ಲಿರೋದು ತಪ್ಪು.”

ಹುಡುಗಿ ಹೆದರಿ ಕೂತಳು. ಗೋವಿಂದಪ್ಪನಿಗೆ ಆ ಪಾಠ ಮುಗಿಸಲಾಗಲಿಲ್ಲ.

ಮರುದಿನ ರಜೆ ಹಾಕಿ ಹಿರಿಯೂರಿಗೆ ಹೋದ. ಅತ್ತೆಯ ಮಗಳು ಬರಗೇರಮ್ಮನ ಮನೆ ಬಸ್ ಸ್ಟ್ಯಾಂಡಿನಿಂದ ದೂರವಿರಲಿಲ್ಲ. ಉಚ್ಚಂಗಮ್ಮ ಅಂಗಳದಲ್ಲಿ ಮೊರ ಮುಂದಿಟ್ಟುಕೊಂಡು ಕಡಲೆಕಾಯಿ ಸುಲಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಂದವನನ್ನು ನೋಡಿದಳು. ಎದ್ದೇಳಲಿಲ್ಲ.

“ಬಂದ್ಯಾ. ಕುಂತ್ಕ.”

ಬರಗೇರಮ್ಮ ಬಾಗಿಲಿಗೆ ಬಂದು, “ಗೋವಿಂದಣ್ಣ ಏನವ್ವ ಇದು” ಎಂದು ಆಶ್ಚರ್ಯದಿಂದ ಒಳಗೆ ಕರೆದಳು. ಅವನು ಒಳಗೆ ಹೋಗದೆ ಅತ್ತೆಯ ಎದುರಿಗೆ ನೆಲದ ಮೇಲೆ ಕೂತ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಮೊದಲನೆಯದೇ ಮರೆತುಹೋಯಿತು. ಹೇಗೋ ಹೇಳಿದ. ಬರೆದುಕೊಟ್ಟವನು ತಾನು, ಸರಿಯಾಗಿ ನೋಡದೆ ಬರೆದದ್ದು, ಆರು ದಿನಕ್ಕೇ ಗೊತ್ತಾಗಿತ್ತು, ಆದರೂ ಕಾಗದ ಹಾಕಲಿಲ್ಲ, ಅವಳು ಹೇಳಿದ್ದನ್ನೇ ತನ್ನದೆಂದು ಮೈಸೂರಿನಲ್ಲಿ ಓದಿದೆ, ಜನಕ್ಕೆ ಗೊತ್ತಿಲ್ಲ ಎಂದು ಸುಳ್ಳು ಬರೆದೆ. ಬರಗೇರಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳಿಗೆ ಇದೆಲ್ಲ ಹೊಸದು.

ಉಚ್ಚಂಗಮ್ಮ ಸುಲಿಯುವುದನ್ನು ನಿಲ್ಲಿಸಲಿಲ್ಲ. ಅವನು ಮುಗಿಸಿದ ಮೇಲೆ ಹೇಳಿದಳು: “ನುಸಿ ವಿಷಯ ನಂಗೆ ಅವತ್ತೇ ಗೊತ್ತಿತ್ತು. ಅದನ್ನ ಹೇಳಾಕೆ ನೀನು ಇಷ್ಟು ದೂರ ಬರಬೇಕಾಗಿರಲಿಲ್ಲ.”

ಸುಲಿದ ಬೀಜಗಳನ್ನು ಮೊರದ ಒಂದು ಬದಿಗೆ ಸರಿಸಿದಳು.

“ನನ್ನ ಹೆಸರು ಕೇಳಿದ್ಯಲ್ಲ,” ಎಂದಳು. “ಅದ್ಯಾಕೆ ಅಂತ ಹೇಳು. ನಾಲ್ಕು ವರ್ಷದಿಂದ ಅದೊಂದೇ ನನ್ನ ತಲ್ಯಾಗೆ ಐತೆ. ನನ್ನಿಂದ ಏನು ತಪ್ಪಾಗಿತ್ತು ನಿಂಗೆ?”

“ನಿನ್ನಿಂದ ಏನೂ ಆಗಿರಲಿಲ್ಲ. ನೀನು ನಮ್ಮತ್ತೆ ಅಂತ ಅವರಿಗೆ ಗೊತ್ತಾಗೋದು ನಂಗೆ ಬೇಡವಾಗಿತ್ತು. ಉಣ್ಣೆ ವಾಸನೆ... ಆ ಮನೆ... ನಂಗೆ ನಾಚಿಕೆ ಆಯ್ತು.”

“ನನ್ನ ಮ್ಯಾಲೆ?”

“ಹೂಂ.”

ಅವಳ ಕೈ ಆಗ ನಿಂತಿತು. ಬರಗೇರಮ್ಮ ಏನೋ ಹೇಳಲು ಹೋದಳು. ತಾಯಿ ಕೈಯೆತ್ತಿ ತಡೆದಳು. ಬೀದಿಯಲ್ಲಿ ಸೈಕಲ್ಲೊಂದು ಗಂಟೆ ಹೊಡೆಯುತ್ತ ಹೋಯಿತು. ಮತ್ತೆ ಉಚ್ಚಂಗಮ್ಮ ಒಂದು ಕಾಯಿ ತೆಗೆದುಕೊಂಡು ಸುಲಿದಳು.

“ಹೇಳ್ದೆಯಲ್ಲ, ಸಾಕು,” ಎಂದಳು. “ನಂಗೆ ಕೈ ಮುಗಿಯಾದು ಕಾಲು ಹಿಡಿಯಾದು ಏನೂ ಬ್ಯಾಡ. ಮುತ್ತುಗದಕಟ್ಟೆಗೆ ಹೋಗಿ ಹೇಳು. ನಮ್ಮ ಮನೆಯಿಂದ ನುಸಿ ಬಂತು ಅಂತ ಏಕನಾಥಮ್ಮ ನನಗೆ ಬಾವಿತಾವ ಕೊಡ ಇಡಾಕೆ ಬಿಡಲಿಲ್ಲ. ಮೂವತ್ತು ವರ್ಷ ಗೋಡೆಗೆ ಗೋಡೆ ಸೇರಿಸ್ಕಂಡು ಬದುಕಿದೋರು ನಾವು. ನಿಂಗಿಂತ ಆ ಯಮ್ಮಂದೇ ನಂಗೆ ಹೆಚ್ಚು ನೋವು.”

ಅವನು ಆ ರಾತ್ರಿಯೇ ಎರಡು ಕಾಗದ ಬರೆದ. ಒಂದು ಸಂಘಕ್ಕೆ. ಪರಮೇಶ್ವರಪ್ಪನವರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ‘ಕಾಗದ ತಲುಪಿದೆ’ ಎಂದು ಒಂದು ಸಾಲಿನ ಉತ್ತರ ಬಂತು. ಇನ್ನೊಂದು ಪತ್ರಿಕೆಗೆ. ಅವರು ಮುಂದಿನ ವರ್ಷ ಕೊನೆಯ ಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿದರು, ಉಚ್ಚಂಗಮ್ಮನ ಹೆಸರು ತಪ್ಪಾಗಿ ಅಚ್ಚಾಗಿತ್ತು.

ಭಾನುವಾರ ಮುತ್ತುಗದಕಟ್ಟೆಗೆ ಹೋದ. ಬೆಳಿಗ್ಗೆ ಕುರಿ ಬಿಡುವ ಮೊದಲೇ ತಲುಪಿದ. ಕೇರಿಯ ಹಿರಿಯ ಓಬಣ್ಣನ ಮನೆ ಮುಂದೆ ಹತ್ತಿಪ್ಪತ್ತು ಜನ ಸೇರಿದರು. ತಾನು ಮಾಡದಕೆರೆ ಕಡೆಯ ಗುಡ್ಡಪ್ಪನ ಮಗ, ಉಚ್ಚಂಗಮ್ಮನ ತಮ್ಮನ ಮಗ ಎಂದು ಮೊದಲು ಹೇಳಿದ. ಆಮೇಲೆ ಉಳಿದದ್ದನ್ನು ಹೇಳಿದ.

ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಓಬಣ್ಣ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಮತ್ತೆ ಸುತ್ತಿಕೊಂಡ. “ಎರಡೂ ಬ್ಯಾರೆ ಅಂತ ನಮಗೂ ಗೊತ್ತಿತ್ತಲ್ಲಪ್ಪ,” ಎಂದ. “ಗೊತ್ತಿದ್ದೂ ನಿನ್ನ ಕಾಗದ ನಂಬಿದ್ವಿ. ಅದಕ್ಕೇನಂತಾರೆ?” ಅವನು ಕೇಳಿದ್ದು ಗೋವಿಂದಪ್ಪನನ್ನಲ್ಲ. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡದೆ ಬೇರೆ ಕಡೆ ನೋಡಿದರು. ಒಬ್ಬ ಮುದುಕ, ಮೂವತ್ತೆಂಟರಲ್ಲಿ ನಾಲ್ಕು ಕಂಬಳಿ ತನ್ನ ಕೈಯಿಂದ ನೇದದ್ದು ಎಂದು ಹೇಳಿ ಎದ್ದು ಕುರಿಗಳ ಕಡೆ ಹೋದ.

ಜನ ಚೆದುರಿದರು. ಗೋವಿಂದಪ್ಪ ಹೊರಕೆರೆದೇವಪುರದ ರಸ್ತೆ ಹಿಡಿದ. ಊರು ದಾಟುವಷ್ಟರಲ್ಲಿ ಹಿಂದಿನಿಂದ ಹೆಂಗಸೊಬ್ಬಳು ಕೂಗಿದಳು. ಅರವತ್ತರ ಹತ್ತಿರದ ವಯಸ್ಸು, ಕಂಕುಳಲ್ಲಿ ಒಂದು ಗಂಟು. ಓಬಣ್ಣನ ಮನೆ ಮುಂದೆ ಕಂಬಕ್ಕೆ ಒರಗಿ ನಿಂತಿದ್ದವಳು.

“ಹಿರಿಯೂರು ಬಸ್ಸು ಎಷ್ಟೊತ್ತಿಗೈತೆ?” ಎಂದು ಕೇಳಿದಳು.

“ಹೊಸದುರ್ಗದಿಂದ ಹನ್ನೆರಡಕ್ಕಿದೆ. ನೀವು...”

“ಏಕನಾಥಮ್ಮ ಅಂತ. ಉಚ್ಚಂಗಿ ಮನೆ ಪಕ್ಕದವಳು. ನಂಗೆ ಆ ಊರು ಗೊತ್ತಿಲ್ಲ. ಕರ್ಕಂಡು ಹೋಗು.”

ಮೂರು ಮೈಲಿ ನಡೆದರು. ಬಸ್ಸು ಹತ್ತಿದರು, ಹೊಸದುರ್ಗದಲ್ಲಿ ಇಳಿದು ಇನ್ನೊಂದು ಹತ್ತಿದರು. ತೆಂಗಿನ ತೋಟಗಳು ಮುಗಿದು ಬಯಲು ಬಂತು. ಏಕನಾಥಮ್ಮ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಗೋವಿಂದಪ್ಪ ಮಾತಾಡಿಸುವ ಧೈರ್ಯ ಮಾಡಲಿಲ್ಲ. ಹಿರಿಯೂರು ಹತ್ತಿರವಾದಾಗ ಅವಳೇ ಕೇಳಿದಳು:

“ನೀನು ಏನಂತ ಶುರು ಮಾಡಿದೆ ಅವಳ ಮುಂದೆ?”

“ನೆನಪಿಲ್ಲ. ಎಲ್ಲ ಮರೆತುಹೋಯ್ತು.”

“ನಂಗೂ ಹಂಗೇ ಆಗ್ತೈತೇನೋ,” ಎಂದಳು. “ಮಗನ ಮದುವೆಗೆ ಕರೀಲಿಲ್ಲ ಕಣಪ್ಪ ನಾನು ಅವಳನ್ನ. ಬಾಗಿಲಾಗೆ ನಿಂತು ನೋಡ್ತಿದ್ಲು, ಚಪ್ಪರ ಹಾಕೋದನ್ನ.”

ಬರಗೇರಮ್ಮನ ಮನೆಯ ತಿರುವಿಗೆ ಬಂದಾಗ ಗೋವಿಂದಪ್ಪ ಬಾಗಿಲು ತೋರಿಸಿ ಅಲ್ಲೇ ನಿಂತ. ಏಕನಾಥಮ್ಮ ಒಬ್ಬಳೇ ಹೋದಳು. ಅಂಗಳದಲ್ಲಿ ಯಾರೂ ಇರಲಿಲ್ಲ. ಅವಳು ಬಾಗಿಲ ಹತ್ತಿರ ನಿಂತು, ಕರೆಯಲಾರದೆ, ಚಿಲಕವನ್ನು ಮೆಲ್ಲಗೆ ಅಲ್ಲಾಡಿಸಿದಳು. ಒಳಗಿಂದ ಉಚ್ಚಂಗಮ್ಮ ಬಂದಳು. ಇಬ್ಬರೂ ನಿಂತುಕೊಂಡೇ ಇದ್ದರು. ಯಾರು ಮೊದಲು ಕೈ ಚಾಚಿದರೋ ಅವನಿಗೆ ಕಾಣಲಿಲ್ಲ. ಏಕನಾಥಮ್ಮನ ಗಂಟು ಹೊಸ್ತಿಲ ಹೊರಗೇ ಬಿದ್ದಿತ್ತು, ಬರಗೇರಮ್ಮ ಬಂದು ಅದನ್ನು ಎತ್ತಿ ಒಳಗಿಟ್ಟಳು. ಸ್ವಲ್ಪ ಹೊತ್ತು ಅಳು ಕೇಳಿಸಿತು. ಆಮೇಲೆ ಯಾರ ಮಗಳಿಗೆ ಹೆರಿಗೆಯಾಯಿತು, ಯಾರ ಕುರಿ ಎಷ್ಟಾದವು ಎಂಬ ಮಾತು ಶುರುವಾಯಿತು.

ಗೋವಿಂದಪ್ಪ ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕೂತ. ಚಿತ್ರದುರ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು. ಹೊರಟುಬಿಡಬೇಕೆಂದು ಎದ್ದಾಗ ಬರಗೇರಮ್ಮ ಬೀದಿಗೆ ಬಂದಳು. ಅವಳ ಮುಖ ಬಿಗಿದೇ ಇತ್ತು.

“ಊಟಕ್ಕೆ ಬರಬೇಕಂತೆ,” ಎಂದಳು.

ಒಳಗೆ ಮೂರು ತಟ್ಟೆ ಇಟ್ಟಿದ್ದರು. ಹೆಂಗಸರಿಬ್ಬರೂ ಅಕ್ಕಪಕ್ಕ ಕೂತಿದ್ದರು, ಅವನ ತಟ್ಟೆ ಗೋಡೆಯ ಪಕ್ಕ ಒಂದಿಷ್ಟು ದೂರದಲ್ಲಿತ್ತು. ಅವನು ಕೂತು ಮುದ್ದೆ ಮುರಿದ. ಯಾರೂ ಅವನನ್ನು ಮಾತಾಡಿಸಲಿಲ್ಲ. ಅವರ ಮಾತು ಅವರದು ನಡೆದಿತ್ತು. ಏಕನಾಥಮ್ಮ ಏನೋ ಹೇಳಿದ್ದಕ್ಕೆ ಉಚ್ಚಂಗಮ್ಮ ನಕ್ಕಳು. ನಗುತ್ತಲೇ ಮಗಳಿಗೆ, “ಅವನಿಗೆ ಸಾರು ಹಾಕು,” ಎಂದಳು. ಬರಗೇರಮ್ಮ ಬಂದು ಹಾಕಿದಳು. ಗೋವಿಂದಪ್ಪ ತಲೆಯೆತ್ತದೆ ತಟ್ಟೆ ಖಾಲಿ ಮಾಡಿದ.